ಸುದ್ದಿ ಒಂದೇ ಬಾಯಿಂದ ಬರಲಿ

ಅಂಗಾಂಗ ಕಸಿಗೆ ಕಾದಿರುವ ಮನೆಯವರು ಬಂಧುಬಳಗಕ್ಕೆ ಸಮಾಚಾರ ತಿಳಿಸುವ ಬಗೆ

ಕಸಿ ಎಂಬ ಮಾತು ನಮ್ಮ ಬೆಳೆಗಾರ ಬಾಂಧವರಿಗೆ ಹೊಸದಲ್ಲ. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸಿನ ಕುಡಿ ಕಟ್ಟುವವರು, ಮಾವು, ಜಾಯಿಕಾಯಿಗಳಿಗೆ ಕಸಿ ಮಾಡುವವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಬುಡಕ್ಕೂ ಕುಡಿಗೂ ಹೊಂದಿಕೆಯಾಗಬೇಕು, ಕಾಲ ಕೂಡಿಬರಬೇಕು, ಕಟ್ಟಿದ ಮೇಲೆಯೂ ಕಣ್ಣಿಟ್ಟು ನೋಡಿಕೊಳ್ಳಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನುಷ್ಯನ ದೇಹಕ್ಕೆ ಮತ್ತೊಬ್ಬರ ಮೂತ್ರಪಿಂಡವನ್ನೋ ಯಕೃತ್ತನ್ನೋ ಹೃದಯವನ್ನೋ ಜೋಡಿಸುವ ಕೆಲಸದಲ್ಲಿಯೂ ಇವೇ ಮೂರು ಮಾತುಗಳು ಮುಖ್ಯ. ಆದರೆ ಗಿಡದ ಕಸಿಗೆ ಕುಡಿ ನಮ್ಮ ಕೈಯಲ್ಲೇ ಇರುತ್ತದೆ. ಮನುಷ್ಯನ ಕಸಿಗೆ ಅಂಗ ಎಲ್ಲಿಂದ, ಯಾವಾಗ ಬರುವುದೆಂದು ಯಾರೂ ಹೇಳಲಾರರು. ಅದು ಹೂಮಳೆಗೆ ಕಾದಂತೆ. ಆಕಾಶ ನೋಡುತ್ತ ದಿನ ಎಣಿಸಬೇಕು. ಹೂಮಳೆಗಾದರೆ ಇಂತಿಷ್ಟು ತಿಂಗಳೆಂಬ ಲೆಕ್ಕವಾದರೂ ಉಂಟು, ಇದಕ್ಕೆ ಅದೂ ಇಲ್ಲ.

ಹೀಗೆ ಕಾಯುವ ಮನೆಯ ಔಷಧ, ಖರ್ಚು, ಓಡಾಟಗಳ ವಿಷಯ ಎಲ್ಲರೂ ಮಾತನಾಡುತ್ತಾರೆ. ಇನ್ನೊಂದು ಹೊರೆಯ ಮಾತನ್ನು ಯಾರೂ ಎತ್ತುವುದಿಲ್ಲ. ಅದು ಸುದ್ದಿಯ ಹೊರೆ. ಬಂಧುಗಳು, ನೆರೆಯವರು, ಬೀಗರು, ಮಗ ಕಲಿಯುವ ಊರಿನ ಸ್ನೇಹಿತರು ಎಲ್ಲರೂ ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ರೋಗಿಯೂ ಅವನ ಹೆಂಡತಿಯೂ ದಣಿಯುತ್ತಾರೆ; ಕೊನೆಗೆ ಫೋನ್ ಆರಿಸಿ ಮಲಗುತ್ತಾರೆ. ಆಸ್ಪತ್ರೆಯ ಕರೆ ಬರಬೇಕಾದದ್ದು ಅದೇ ಫೋನಿಗೆ. ಈ ಲೇಖನವನ್ನು ನಾವು ಬರೆಯಲು ಇದೇ ಕಾರಣ.

ಗದಗ ಸೀಮೆಯ ಮಾತೇಕೆ?

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹೆಸರು ಕಂಡು ಓದುಗರು ಹುಬ್ಬೇರಿಸಬಹುದು. ಅದು ಮೆಣಸಿನಕಾಯಿ, ಹತ್ತಿ, ಶೇಂಗಾ, ಜೋಳದ ನಾಡು. ಆದರೂ ಸಹಕಾರಿಗಳಾದ ನಮಗೆ ಅದು ತವರಿದ್ದಂತೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವೇ ಈ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ. ಹಂಗಾಮಿನಲ್ಲಿ ಆ ಕಡೆಯ ಬಯಲುಸೀಮೆಯಿಂದ ಕೆಲಸಕ್ಕೆಂದು ಮಲೆನಾಡಿನ ತೋಟಗಳಿಗೆ ಬರುವ ಕುಟುಂಬಗಳೂ ಉಂಟು. ಅವರ ಮನೆಯ ಕಷ್ಟ ನಮ್ಮ ಲೈನ್ ಮನೆಗಳಲ್ಲಿಯೂ ಕೇಳಿಬರುತ್ತದೆ.

ಇನ್ನೊಂದು ಕಾರಣವೂ ಇದೆ. ಆ ನಾಲ್ಕು ಊರುಗಳ ಪರಿಸ್ಥಿತಿ ನಮ್ಮದರಂತೆಯೇ. ಅಲ್ಲಿಯ ರೋಗಿ ಡಯಾಲಿಸಿಸ್‌ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೋ ಗದಗಕ್ಕೋ ಹೋಗಬಹುದು. ಆದರೆ ಕಸಿ ಮಾಡುವ ಆಸ್ಪತ್ರೆಗಳಿರುವುದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ. ಗದಗದಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ.; ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿ.ಮೀ.ಗೂ ಮಿಕ್ಕಿ. ಮುಂಡರಗಿಯ ಹಳ್ಳಿಯವನಿಗೆ ಗದಗ ಮುಟ್ಟುವುದೇ ಒಂದು ಪಯಣ. ಮೂಡಿಗೆರೆಯ, ತೀರ್ಥಹಳ್ಳಿಯ, ಸಿದ್ದಾಪುರದ ಒಳಹಳ್ಳಿಯವನ ಪಾಡೂ ಬೇರೆಯಲ್ಲ. ರೋಗಿ ಒಂದೂರಿನಲ್ಲಿ, ಆಸ್ಪತ್ರೆ ಇನ್ನೊಂದೂರಿನಲ್ಲಿ, ಬಂಧುಗಳು ಹತ್ತೂರುಗಳಲ್ಲಿ. ನಡುವೆ ಓಡಾಡುವುದು ಸುದ್ದಿಯೊಂದೇ.

ಕಾಯುವುದೆಂದರೆ ಹೇಗೆ?

ನಮ್ಮ ದೇಶದಲ್ಲಿ ಮೂತ್ರಪಿಂಡದ ಕಸಿ ಯಶಸ್ವಿಯಾಗಿ ನಡೆದದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ದೆಹಲಿಯ ಏಮ್ಸ್‌ನಲ್ಲಿ ಹೃದಯದ ಮೊದಲ ಕಸಿ ನಡೆದದ್ದು 1994ರ ಆಗಸ್ಟ್ 3ರಂದು. ಅದೇ ವರ್ಷ ಮಾನವ ಅಂಗಗಳ ಕಸಿಯ ಕಾಯಿದೆ ಬಂತು. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ನಮ್ಮ ರಾಜ್ಯದಲ್ಲಿ ಮರಣೋತ್ತರ ದಾನವಾದ ಅಂಗಗಳ ಹಂಚಿಕೆಯನ್ನು 2007ರಲ್ಲಿ ಆರಂಭವಾದ ವಲಯ ಸಮನ್ವಯ ಸಮಿತಿ ನೋಡಿಕೊಳ್ಳುತ್ತಿತ್ತು. ಈಗ ಆ ಕೆಲಸ ‘ಜೀವಸಾರ್ಥಕತೆ’ ಎಂಬ ಹೆಸರಿನ ಸರ್ಕಾರಿ ಸಂಸ್ಥೆಯದು.

ಅಂಗ ದೊರೆಯುವ ದಾರಿ ಎರಡು. ಒಂದು, ಬದುಕಿರುವ ಹತ್ತಿರದ ಬಂಧು ಕೊಡುವುದು. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ಇವರನ್ನು ಕಾಯಿದೆ ಹತ್ತಿರದ ಬಂಧುಗಳೆಂದು ಹೇಳುತ್ತದೆ. ಇವರಲ್ಲದವರು ಪ್ರೀತಿಯಿಂದ ಕೊಡಲು ಮುಂದಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಎರಡು ಮನೆಗಳಲ್ಲಿ ದಾನಿಗಳಿದ್ದೂ ಹೊಂದಿಕೆಯಾಗದಿದ್ದರೆ, ಒಬ್ಬರ ದಾನಿ ಇನ್ನೊಬ್ಬರಿಗೆ ಎಂದು ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಎರಡನೆಯ ದಾರಿ, ಮಿದುಳಿನ ಕಾಂಡ ಸತ್ತವರೆಂದು ಗೊತ್ತಾದವರ ಮನೆಯವರು ದಾನಕ್ಕೆ ಒಪ್ಪುವುದು. ಇದಕ್ಕಾಗಿ ರೋಗಿಯು ಕಸಿ ಮಾಡುವ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಿ ಕಾಯಬೇಕು. ನೋಂದಣಿಗೆ 65 ವರ್ಷದ ಮಿತಿ ಬೇಡವೆಂದು ಕೇಂದ್ರ ಸರ್ಕಾರ 2023ರಲ್ಲಿ ಸೂಚಿಸಿತು. ವಯಸ್ಸಾಯಿತೆಂದು ಕೈಚೆಲ್ಲಿದವರು ಆಸ್ಪತ್ರೆಯಲ್ಲಿ ಇದನ್ನು ಇನ್ನೊಮ್ಮೆ ವಿಚಾರಿಸುವುದು ಲೇಸು.

ಬಂಧುಗಳಿಗೆ ಅರ್ಥವಾಗದಿರುವ ಮಾತು ಒಂದಿದೆ. ಈ ಪಟ್ಟಿ ಪಡಿತರದ ಅಂಗಡಿಯ ಸಾಲಿನಂತಲ್ಲ. ಮುಂದೆ ನಿಂತವನಿಗೇ ಮೊದಲು ಎಂದಿಲ್ಲ. ರಕ್ತದ ಗುಂಪು, ದೇಹಗಳ ಹೊಂದಿಕೆ, ಎಷ್ಟು ಕಾಲದಿಂದ ಕಾದಿದ್ದಾರೆ, ದೇಹಸ್ಥಿತಿ ಹೇಗಿದೆ ಇತ್ಯಾದಿಗಳನ್ನು ನೋಡಿ ತೀರ್ಮಾನವಾಗುತ್ತದೆ. ಆದ್ದರಿಂದ “ಎಷ್ಟನೇ ನಂಬರಿಗೆ ಬಂದಿರಿ?” ಎಂಬ ಪ್ರಶ್ನೆಗೆ ಸರಿಯಾದ ಉತ್ತರವೇ ಇಲ್ಲ. ರೋಗಿಯನ್ನು ಹೆಚ್ಚು ನೋಯಿಸುವ ಪ್ರಶ್ನೆಯೂ ಇದೇ.

ಕರೆ ಬಂದಾಗ ಹೊತ್ತು ಬಹಳ ಇರುವುದಿಲ್ಲ. ದೇಹದಿಂದ ತೆಗೆದ ಹೃದಯವನ್ನು ನಾಲ್ಕರಿಂದ ಆರು ಗಂಟೆಯೊಳಗೆ ಜೋಡಿಸಬೇಕು. ಯಕೃತ್ತಿಗೆ ಅದಕ್ಕಿಂತ ಕೊಂಚ ಹೆಚ್ಚು, ಮೂತ್ರಪಿಂಡಕ್ಕೆ ಇನ್ನೂ ಹೆಚ್ಚು ಕಾಲ ಸಿಗುತ್ತದೆ. ಆದರೆ ರೋಗಿ ಹೊರಟು, ಆಸ್ಪತ್ರೆ ಸೇರಿ, ರಕ್ತ ಪರೀಕ್ಷೆ ಮುಗಿಯುವುದಕ್ಕೇ ಅದರಲ್ಲಿ ಬಹುಪಾಲು ಸಂದುಹೋಗುತ್ತದೆ. ಮುಂಡರಗಿಯಿಂದಾಗಲಿ ಮೂಡಿಗೆರೆಯಿಂದಾಗಲಿ ಹೊರಡುವವನಿಗೆ ಅರ್ಧ ಗಂಟೆಯೂ ದುಡ್ಡಿಗಿಂತ ಹೆಚ್ಚು.

ಮುಚ್ಚಿಡುವುದರಿಂದ ಲಾಭವಿಲ್ಲ

ಒಂದು ಕಾಲದಲ್ಲಿ ಸುದ್ದಿ ತಿಳಿಯುವುದೇ ಕಷ್ಟವಿತ್ತು. ಇನ್‌ಲ್ಯಾಂಡ್ ಕಾಗದ ತಲುಪಲು ನಾಲ್ಕು ದಿನ ಹಿಡಿಯುತ್ತಿತ್ತು. ಟ್ರಂಕ್ ಕಾಲ್‌ಗೆಂದು ಪೋಸ್ಟಾಫೀಸಿನಲ್ಲಿ ಅರ್ಧ ದಿನ ಕೂರಬೇಕಾಗಿತ್ತು. ತಂತಿ ಬಂತೆಂದರೆ ಒಡೆದು ನೋಡುವ ಮೊದಲೇ ಮನೆಯಲ್ಲಿ ಅಳು ಆರಂಭವಾಗುತ್ತಿತ್ತು. ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತಿತು. ಈಗ ಎಲ್ಲರ ಕೈಯಲ್ಲಿ ಫೋನಿದೆ, ವಾಟ್ಸ್ಆ್ಯಪ್ ಇದೆ. ಆದರೆ ಒಂದು ಹಳೆಯ ಅಭ್ಯಾಸ ಹೋಗಿಲ್ಲ. ದೊಡ್ಡ ಕಾಯಿಲೆಯನ್ನು ಮುಚ್ಚಿಡುವುದು. “ಮಗಳ ಲಗ್ನ ಆಗಬೇಕು, ಹೇಳಬೇಡಿ”, “ಸಾಲ ಕೊಟ್ಟವರು ಬಾಗಿಲಿಗೆ ಬಂದಾರು”, “ಮುದುಕಿ ಎದೆ ಒಡೆದುಕೊಂಡಾಳು” ಎಂಬ ಭಯ. ಭಯಕ್ಕೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮುಚ್ಚಿಟ್ಟ ಮನೆಗೆ ಕೊಡುವ ಕೈಯೂ ಬರುವುದಿಲ್ಲ. ತಮ್ಮನಿಗೆ ಅಣ್ಣನ ಮೂತ್ರಪಿಂಡಗಳು ಕೆಟ್ಟಿರುವುದೇ ತಿಳಿಯದಿದ್ದರೆ, ತಾನು ಪರೀಕ್ಷೆ ಮಾಡಿಸಿಕೊಳ್ಳಬೇಕೆಂಬ ಯೋಚನೆ ಅವನಿಗೆ ಹೇಗೆ ಬಂದೀತು?

ಇದಕ್ಕೆ ನಮ್ಮ ನೆರೆಯ ಬಳ್ಳಾರಿಯವರಿಗೆ ಪರಿಚಿತರಾಗಿದ್ದ ಒಬ್ಬರ ಉದಾಹರಣೆಯನ್ನು ಹೇಳಬಹುದು. ಶ್ರೀಮತಿ ಸುಷ್ಮಾ ಸ್ವರಾಜ್ 1999ರಲ್ಲಿ ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿ, ಕನ್ನಡ ಕಲಿತು ಕನ್ನಡದಲ್ಲಿ ಭಾಷಣ ಮಾಡಿದವರು. ಸೋತ ಮೇಲೆಯೂ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷ ವರ್ಷ ಬಳ್ಳಾರಿಗೆ ಬರುತ್ತಿದ್ದರು. ವಿದೇಶಾಂಗ ಸಚಿವೆಯಾಗಿದ್ದಾಗ, 2016ರ ನವೆಂಬರ್ 16ರಂದು ಅವರೇ ಟ್ವಿಟರ್ ಮೂಲಕ ಜನರಿಗೆ ತಿಳಿಸಿದರು: ಮೂತ್ರಪಿಂಡಗಳು ಕೆಟ್ಟು ಏಮ್ಸ್‌ನಲ್ಲಿದ್ದೇನೆ, ಡಯಾಲಿಸಿಸ್ ನಡೆಯುತ್ತಿದೆ, ಕಸಿಗಾಗಿ ಪರೀಕ್ಷೆಗಳಾಗುತ್ತಿವೆ ಎಂದು. ನಾಲ್ಕೇ ವಾಕ್ಯ. ರೋಗದ ಹೆಸರು, ಈಗಿನ ಸ್ಥಿತಿ, ಮುಂದಿನ ಹೆಜ್ಜೆ, ದೇವರ ಮೇಲಿನ ಭಾರ. ಅದರಲ್ಲಿ ಸುಳ್ಳು ಭರವಸೆಯಿರಲಿಲ್ಲ, ಅಳಲೂ ಇರಲಿಲ್ಲ. ಗಾಳಿಮಾತಿಗೆ ಎಡೆಯೂ ಉಳಿಯಲಿಲ್ಲ. ಗುರುತಿಲ್ಲದ ಎಷ್ಟೋ ಜನ ತಮ್ಮ ಮೂತ್ರಪಿಂಡ ಕೊಡುತ್ತೇವೆಂದು ಬರೆದರು. ಅವರಲ್ಲಿ ಬೇರೆ ಬೇರೆ ಮತಗಳವರಿದ್ದರು. ಮೂತ್ರಪಿಂಡಕ್ಕೆ ಮತದ ಚೀಟಿ ಅಂಟಿಸಿರುವುದಿಲ್ಲ ಎಂಬರ್ಥದ ಮಾತಿನಿಂದ ಅವರು ವಂದನೆ ಹೇಳಿದರು. ಡಿಸೆಂಬರ್ 10ರಂದು ಕಸಿ ನಡೆಯಿತು. ಅವರು ಮತ್ತೆ ಕೆಲಸಕ್ಕೆ ಬಂದು 2019ರವರೆಗೆ ಸಚಿವರಾಗಿದ್ದರು. ಆ ವರ್ಷದ ಆಗಸ್ಟ್ 6ರಂದು ತೀರಿಕೊಂಡರು. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಶಿರಹಟ್ಟಿಯ ಫಕೀರೇಶ್ವರ ಮಠವನ್ನು ಬಲ್ಲ ಜನಕ್ಕೆ ಅವರ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸಚಿವರ ಮಾತು ಬೇರೆ, ನಮ್ಮ ಮಾತು ಬೇರೆ ಎನ್ನಬಹುದು. ದೊಡ್ಡ ಆಸ್ಪತ್ರೆ, ಆಳು ಕಾಳು ನಮಗಿಲ್ಲ, ನಿಜ. ಆದರೆ ನಾಲ್ಕು ವಾಕ್ಯದಲ್ಲಿ ನಿಜ ಹೇಳಲು ಆಳು ಬೇಕಾಗಿಲ್ಲ.

ಒಂದು ಮನೆ ಎಂದಿಟ್ಟುಕೊಳ್ಳೋಣ

ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿ. ಐವತ್ತು ದಾಟಿದ ಯಜಮಾನ. ವಾರಕ್ಕೆ ಮೂರು ಸಲ ಡಯಾಲಿಸಿಸ್, ಸಲಕ್ಕೆ ನಾಲ್ಕು ತಾಸು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೆಸರು ನೋಂದಣಿಯಾಗಿದೆ. ಅಣ್ಣ ಮುಂಡರಗಿಯಲ್ಲಿ, ತಂಗಿ ಬೆಟಗೇರಿಯಲ್ಲಿ, ಮಗಳು ಗಂಡನೊಡನೆ ನಮ್ಮ ಕಡೆಯ ತೋಟವೊಂದರಲ್ಲಿ, ಮಗ ಮನೆಯಲ್ಲಿ. ಇಂಥ ಮನೆಯವರು ಏನೇನು ಮಾಡಬಹುದೆಂಬುದನ್ನು ಕ್ರಮವಾಗಿ ಹೇಳುತ್ತೇವೆ.

1. ಹೇಳುವವರು ಒಬ್ಬರೇ ಇರಲಿ. ರೋಗಿಯೂ ಬೇಡ, ರಾತ್ರಿಯೆಲ್ಲ ಎಚ್ಚರವಿರುವ ಹೆಂಡತಿಯೂ ಬೇಡ. ಮಗ, ಸೊಸೆ, ತಮ್ಮ, ಅಳಿಯ, ಯಾರಾದರೂ ಸಮಾಧಾನದ ಮನುಷ್ಯ ಈ ಕೆಲಸ ಹೊರಲಿ. ಆತನಿಗೆ ಬಿಡುವಿಲ್ಲದ ದಿನಕ್ಕೆ ಇನ್ನೊಬ್ಬರ ಹೆಸರು ಮೊದಲೇ ಗೊತ್ತಾಗಿರಲಿ.

2. ಹೊತ್ತು ಗೊತ್ತು ಮಾಡಿರಿ. ದಿನವೂ ಬೇಡ, ಡಯಾಲಿಸಿಸ್ ಆದ ದಿನ ರಾತ್ರಿ ಊಟದ ಹೊತ್ತಿಗೆ ಒಂದು ಸಮಾಚಾರ ಸಾಕು. ವಿಶೇಷವಿಲ್ಲದಿದ್ದರೂ “ವಿಶೇಷವಿಲ್ಲ” ಎಂದು ತಿಳಿಸಬೇಕು. ಸುಮ್ಮನಿದ್ದರೆ ಜನ ಕೆಟ್ಟದ್ದನ್ನೇ ಎಣಿಸುತ್ತಾರೆ.

3. ಒಂದು ಪುಸ್ತಕ ಇಡಿರಿ. ಪತ್ತಿನ ಪುಸ್ತಕದಂತೆ ತಾರೀಖು ಹಾಕಿ ಬರೆಯಿರಿ: ತೂಕ, ರಕ್ತದೊತ್ತಡ, ವೈದ್ಯರು ಹೇಳಿದ್ದು, ಮುಂದಿನ ತಪಾಸಣೆ, ಕೇಳಬೇಕಾದ ಪ್ರಶ್ನೆ. ಸುದ್ದಿ ಹೇಳುವವನು ಪುಸ್ತಕ ನೋಡಿ ಹೇಳಿದರೆ ಬೆಟಗೇರಿಗೊಂದು ಮುಂಡರಗಿಗೊಂದು ಮಾತು ಹೋಗುವುದಿಲ್ಲ.

4. ಆಸ್ಪತ್ರೆಗೆ ಮೂರು ನಂಬರುಗಳನ್ನಾದರೂ ಕೊಡಿರಿ. ತೋಟದ ಇಳಿಜಾರಿನಲ್ಲಿ, ಹೊಲದ ತಗ್ಗಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮಳೆಗಾಲದಲ್ಲಿ ಕರೆಂಟಿಲ್ಲದೆ ಬ್ಯಾಟರಿ ಮುಗಿಯುತ್ತದೆ. ನೆರೆಯವರದು, ಪೇಟೆಯ ಬಂಧುವಿನದು, ಅವರೊಪ್ಪಿದರೆ ಸಂಘದ ಕಾರ್ಯದರ್ಶಿಯದು ಹೀಗೆ ಬೇರೆ ಬೇರೆ ಕಡೆಯ ನಂಬರುಗಳಿರಲಿ. ನಂಬರು ಬದಲಾದರೆ ಅದೇ ದಿನ ಆಸ್ಪತ್ರೆಗೆ ತಿಳಿಸಿರಿ.

5. ರೋಗಿಯ ಫೋನನ್ನು ಆಸ್ಪತ್ರೆಗೆಂದೇ ಮೀಸಲಿಡಿರಿ. ಕುಶಲ ಕೇಳುವವರೆಲ್ಲ ಇನ್ನೊಂದು ನಂಬರಿಗೆ ಮಾತನಾಡಲಿ.

6. ಬಂಧುಗಳಿಗಲ್ಲದೆ ಆಸ್ಪತ್ರೆಗೂ ಸುದ್ದಿ ಕೊಡಬೇಕೆಂಬುದನ್ನು ಮರೆಯಬಾರದು. ಜ್ವರ, ಕೆಮ್ಮು, ಗಾಯ, ರಕ್ತ ಹಾಕಿಸಿಕೊಂಡದ್ದು, ಊರು ಬಿಟ್ಟು ಹೋಗುವುದು ಎಲ್ಲವನ್ನೂ ತಿಳಿಸಬೇಕು. ಸೋಂಕು ಇದ್ದಾಗ ಕಸಿ ಮಾಡಲಾಗುವುದಿಲ್ಲ. ರಕ್ತ ಹಾಕಿಸಿಕೊಂಡರೆ ಹೊಂದಿಕೆಯ ಲೆಕ್ಕ ಬದಲಾಗಬಹುದು.

ಸಮಾಚಾರ ಹೇಗಿರಬೇಕು?

ಆ ಮನೆಯ ಮಗ ಬರೆಯುವ ಸಮಾಚಾರ ಅವರ ಆಡುಮಾತಿನಲ್ಲೇ ಇರಲಿ. ಉದಾಹರಣೆಗೆ:

“ಎಲ್ಲಾರಿಗೂ ಶರಣು. ಇವತ್ತ ಮಂಗಳವಾರ. ಅಪ್ಪಾರಿಗೆ ಡಯಾಲಿಸಿಸ್ ಆತು. ಸಂಜೀಕ ಸುಸ್ತ ಇತ್ತು, ಈಗ ಒಂದ ರೊಟ್ಟಿ ತಿಂದು ಮಲಗ್ಯಾರ. ಆಸ್ಪತ್ರಿಯಿಂದ ಇನ್ನೂ ಕರಿ ಬಂದಿಲ್ಲ. ಶುಕ್ರವಾರ ರಕ್ತ ತಪಾಸಣಿ ಐತಿ. ಗುರುವಾರ ಗದಗಕ್ಕ ಕರಕೊಂಡ ಹೋಗಾಕ ಒಬ್ಬರು ಬೇಕಾಗ್ಯಾರ. ಅಪ್ಪಾರ ಫೋನಿಗೆ ಯಾರೂ ಹಚ್ಚಬ್ಯಾಡ್ರಿ, ನನಗ ಹಚ್ಚ್ರಿ.”

ಆದದ್ದು, ಈಗಿನ ಸ್ಥಿತಿ, ಮುಂದಿನ ಹೆಜ್ಜೆ, ಬೇಕಾದ ಸಹಾಯ, ಎಲ್ಲ ಇದರಲ್ಲಿದೆ. ಸಹಾಯವನ್ನು ಹೆಸರಿಟ್ಟು ದಿನವಿಟ್ಟು ಕೇಳಿದ್ದನ್ನು ಗಮನಿಸಿರಿ. “ಏನಾದರೂ ಬೇಕಿದ್ದರೆ ಹೇಳ್ರಿ” ಎನ್ನುವ ಬಂಧುಗಳು ಬಹಳ. ಅವರಿಗೆ ಮಾಡುವ ಮನಸ್ಸುಂಟು, ಮಾಡುವುದೇನೆಂದು ತಿಳಿಯದು.

ಮುಂಡರಗಿಯ ದೊಡ್ಡಪ್ಪ ಅದೇ ಪ್ರಶ್ನೆ ಕೇಳಿಯೇ ಕೇಳುತ್ತಾರೆ: “ಅಲ್ಲೋ ತಮ್ಮಾ, ಎಷ್ಟನೇ ನಂಬರಿಗೆ ಬಂತು?” ಮಗ ಸಿಟ್ಟಾಗದೆ ಹೇಳಲಿ: “ದೊಡ್ಡಪ್ಪಾರ, ಇದು ರೇಶನ್ ಪಾಳಿ ಅಲ್ರಿ. ರಕ್ತ ಹೊಂದಬೇಕು, ಮೈ ಹೊಂದಬೇಕು. ನಾಳೆನೂ ಬರಬಹುದು, ಎರಡ ವರ್ಷನೂ ಆಗಬಹುದು. ಬಂದ್ರ ಮೊದಲ ನಿಮಗ ಹೇಳ್ತೀನಿ.”

ಸಮಾಚಾರದಲ್ಲಿ ಹಾಕಬಾರದ ವಿಷಯಗಳೂ ಇವೆ. ರಕ್ತದ ಗುಂಪು, ಫೋನ್ ನಂಬರು, ಆಸ್ಪತ್ರೆಯ ಚೀಟಿಗಳ ಚಿತ್ರಗಳನ್ನು ಸಿಕ್ಕ ಸಿಕ್ಕ ಗುಂಪುಗಳಿಗೆ ಹಾಕಿದರೆ ದಲ್ಲಾಳಿಗಳು ಬೆನ್ನು ಹತ್ತುತ್ತಾರೆ. ಅಂಗವನ್ನು ಮಾರುವುದು, ಕೊಳ್ಳುವುದು, ನಡುವೆ ನಿಂತು ವ್ಯಾಪಾರ ಕುದುರಿಸುವುದು ಎಲ್ಲವೂ ಅಪರಾಧ. 2011ರ ತಿದ್ದುಪಡಿಯಂತೆ ಐದರಿಂದ ಹತ್ತು ವರ್ಷ ಸೆರೆ ಮತ್ತು 20 ಲಕ್ಷದಿಂದ ಒಂದು ಕೋಟಿ ರೂಪಾಯಿವರೆಗೆ ದಂಡ ಉಂಟು. ಕಷ್ಟದಲ್ಲಿದ್ದವನಿಗೆ ಇಂಥವರ ಮಾತು ಸಿಹಿಯಾಗಿಯೇ ಕೇಳಿಸುತ್ತದೆ, ಎಚ್ಚರವಿರಬೇಕು.

ಬರಿಗೈಯಲ್ಲಿ ಮರಳುವ ದಿನ

ಕರೆ ಬಂದ ಕೂಡಲೆ ಕಸಿ ಆಯಿತೆಂದು ತಿಳಿಯಬಾರದು. ಒಂದು ಮೂತ್ರಪಿಂಡಕ್ಕೆ ಒಬ್ಬರಿಗಿಂತ ಹೆಚ್ಚು ಜನರನ್ನು ಕರೆಸುವುದುಂಟು. ಕೊನೆಯ ಹೊಂದಿಕೆಯ ಪರೀಕ್ಷೆಯಲ್ಲಿ ಒಬ್ಬರಿಗೆ ಸರಿಹೋದರೆ ಉಳಿದವರು ಮನೆಗೆ ಮರಳಬೇಕು. ಕೆಲವೊಮ್ಮೆ ಅಂಗವೇ ಯೋಗ್ಯವಿಲ್ಲವೆಂದು ವೈದ್ಯರು ನಿಲ್ಲಿಸುತ್ತಾರೆ. ರಾತ್ರಿ ಎರಡಕ್ಕೆ ಗಾಡಿ ಮಾಡಿಕೊಂಡು ಹೋದವರು ಮರುದಿನ ಮಧ್ಯಾಹ್ನ ಹಾಗೇ ಹಿಂದಿರುಗುವ ಸಂಕಟ ಸಣ್ಣದಲ್ಲ. ಅಷ್ಟರಲ್ಲಿ ಊರಲ್ಲಿ ಪೇಡೆ ಹಂಚಿಯಾಗಿದ್ದರೆ ಸಂಕಟ ಇಮ್ಮಡಿ.

ಆದ್ದರಿಂದ ಕರೆ ಬಂದಾಗ ಎರಡು ಮೂರು ಮನೆಗಳಿಗೆ ಮಾತ್ರ ತಿಳಿಸಿರಿ: ಗಾಡಿ ತರುವವರಿಗೆ, ದುಡ್ಡು ಹೊಂದಿಸುವವರಿಗೆ, ಮನೆಯಲ್ಲಿ ದನ ಕರು ಮಕ್ಕಳನ್ನು ನೋಡಿಕೊಳ್ಳುವವರಿಗೆ. “ತಪಾಸಣಿಗೆ ಕರದಾರ, ಆಗಬಹುದು, ಆಗದೇನೂ ಇರಬಹುದು” ಎಂದೇ ಹೇಳಿರಿ. ಉಳಿದವರಿಗೆ ಶಸ್ತ್ರಕ್ರಿಯೆ ಮುಗಿದ ಮೇಲೆ ತಿಳಿಸಿದರೆ ಸಾಕು. ಕಾಗದಪತ್ರ, ಔಷಧದ ಚೀಟಿ, ಎರಡು ಜೊತೆ ಬಟ್ಟೆ ತುಂಬಿದ ಚೀಲ ಬಾಗಿಲ ಬಳಿ ಸಿದ್ಧವಿರಲಿ. ಏನನ್ನು ತಿನ್ನಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕರೆ ಮಾಡಿದವರನ್ನೇ ಕೇಳಿಕೊಳ್ಳಬೇಕು. ಆಗದೆ ಮರಳಿದರೆ ಅದನ್ನೂ ಅಂದೇ ತಿಳಿಸಿರಿ: “ಈ ಸಲ ಹೊಂದಲಿಲ್ಲ. ಹೆಸರು ಪಟ್ಟಿಯೊಳಗ ಹಂಗೇ ಐತಿ.” ಮನೆಗೆ ಬಂದವರನ್ನು ಎರಡು ದಿನ ಯಾರೂ ಮಾತಾಡಿಸದಿರುವುದು ಒಳ್ಳೆಯದು.

ರೋಗಿಯ ಮಾತನ್ನೂ ಕೇಳಬೇಕು

ಯಾರಿಗೆ ಎಷ್ಟು ಹೇಳಬೇಕೆಂಬುದನ್ನು ತೀರ್ಮಾನಿಸುವ ಹಕ್ಕು ಮೊದಲು ರೋಗಿಯದು. ಕಾಯಿಲೆ ಆತನದು, ಮೈ ಆತನದು. ಸುದ್ದಿ ಹೇಳುವವನು ಮೊದಲು ಆತನನ್ನೇ ಕೇಳಲಿ: “ಅಪ್ಪಾರ, ಅತ್ತಿಗೆ ಎಷ್ಟು ಹೇಳ್ಲಿ?” ಕೆಲವರಿಗೆ ಎಲ್ಲರಿಗೂ ತಿಳಿದರೆ ಹಗುರ. ಕೆಲವರಿಗೆ ಅದು ಮಾನದ ಪ್ರಶ್ನೆ. ಒತ್ತಾಯ ಕೂಡದು.

ದಾನಿಯಾಗಲು ತಮ್ಮನಿಗೋ ತಂಗಿಗೋ ಮನಸ್ಸಿದೆಯೇ ಎಂಬ ಪ್ರಶ್ನೆಯನ್ನು ಹತ್ತು ಜನರ ಗುಂಪಿನಲ್ಲಿ ಎತ್ತಬಾರದು. ಸಭೆಯಲ್ಲಿ ಕೇಳಿದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಒಪ್ಪಿಕೊಂಡವನು ಒಳಗೇ ಕೊರಗುತ್ತಾನೆ. ನಮ್ಮಲ್ಲಿ ಸೊಸೆಯಂದಿರ ಮೇಲೆ, ತಾಯಂದಿರ ಮೇಲೆ ಇಂಥ ಭಾರ ಬೇಗ ಬೀಳುತ್ತದೆ. ಸ್ಥಿತಿಯನ್ನು ಎಲ್ಲರಿಗೂ ತಿಳಿಸಿರಿ. ಕೊಡುವವರು ತಾವಾಗಿ ಬರಲಿ. ಬಂದವರು ವೈದ್ಯರೊಡನೆ ಒಬ್ಬರೇ ಕೂತು ಮಾತನಾಡಲಿ.

ಮುದುಕರಿಗೂ ಮಕ್ಕಳಿಗೂ ಅವರವರ ಮಟ್ಟಿಗೆ ನಿಜವನ್ನೇ ಹೇಳಬೇಕು. ತಂದೆ ವಾರಕ್ಕೆ ಮೂರು ದಿನ ಎಲ್ಲಿಗೆ ಹೋಗುತ್ತಾನೆಂಬುದು ಎಂಟು ವರ್ಷದ ಮಗುವಿಗೂ ತಿಳಿಯುತ್ತದೆ. ತಿಳಿಯದೆಂದು ನಟಿಸುವುದು ದೊಡ್ಡವರು ಮಾತ್ರ.

ಕೇಳುವವರ ಧರ್ಮ

ಇಷ್ಟು ಹೊತ್ತು ಹೇಳುವವರ ಕರ್ತವ್ಯ ಹೇಳಿದೆವು. ಕೇಳುವವರದೂ ಉಂಟು. ನೋಡಲು ಹೋಗುವಾಗ ಎಳನೀರಿನ ಗೊನೆ, ಬಾಳೆಹಣ್ಣಿನ ಚಿಪ್ಪು ಒಯ್ಯುವುದು ನಮ್ಮ ಸಂಪ್ರದಾಯ. ಮೂತ್ರಪಿಂಡ ಕೆಟ್ಟವರಿಗೆ ಇವೆರಡೂ ಅಪಾಯಕಾರಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಟ್ಟ ಮೂತ್ರಪಿಂಡ ಅದನ್ನು ಹೊರಹಾಕಲಾರದು. ರಕ್ತದಲ್ಲಿ ಅದು ಏರಿದರೆ ಹೃದಯ ನಿಲ್ಲುವ ಭಯವಿದೆ. ಹಿತ್ತಲ ಧಾರೆಹುಳಿ, ಅಂದರೆ ಕಮರಾಕ್ಷಿ ಹಣ್ಣಂತೂ ಅವರಿಗೆ ವಿಷವೇ. ಕಪ್ಪತಗುಡ್ಡದ ಗಿಡಮೂಲಿಕೆಗಳ ಹೆಸರು ದೊಡ್ಡದು, ಮಲೆನಾಡಿನ ನಾಟಿ ಮದ್ದಿನ ಹೆಸರೂ ದೊಡ್ಡದು. ಆದರೂ ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ಕುಡಿಸಬಾರದು. ನೀರನ್ನು ಕೂಡ ಅವರು ಅಳತೆಯಲ್ಲಿ ಕುಡಿಯಬೇಕು. ಈ ಮಾತನ್ನು ಮೊದಲ ಸಮಾಚಾರದಲ್ಲೇ ಬರೆದು ಕಳಿಸಿದರೆ ಬಂದವರ ಗೊನೆಯನ್ನು ಮರಳಿಸುವ ಮುಜುಗರ ತಪ್ಪುತ್ತದೆ.

ಕಸಿ ಆದ ಮೇಲೆ, ಮೊದಲ ತಿಂಗಳುಗಳಲ್ಲಿ, ದೇಹದ ರೋಗ ತಡೆಯುವ ಶಕ್ತಿಯನ್ನು ಔಷಧದಿಂದ ತಗ್ಗಿಸಿರುತ್ತಾರೆ. ಹೊಸ ಅಂಗವನ್ನು ದೇಹ ಹೊರತಳ್ಳದಿರಲೆಂದು ಆ ಔಷಧವನ್ನು ಜೀವಮಾನವಿಡೀ ತೆಗೆದುಕೊಳ್ಳಬೇಕಾಗುತ್ತದೆ. ಗುಂಪುಗೂಡಿ ನೋಡಲು ಹೋದರೆ ಸೋಂಕನ್ನು ಕೊಟ್ಟು ಬಂದಂತೆ. ನೋಡಲು ಹೋಗುವ ಬಸ್ ಚಾರ್ಜನ್ನು ಔಷಧದ ಖರ್ಚಿಗೆ ಕೊಡುವುದು ಮೇಲು. ಹೊಲದಲ್ಲಿ ಕಳೆ ತೆಗೆಸುವುದು, ಅಡಿಕೆ ಕೊಯ್ಲಿಗೆ ಕೊನೆಗಾರನನ್ನು ಕರೆತರುವುದು, ಕಾಫಿ ಒಣಗಿಸುವ ಕಣ ಕಾಯುವುದು ಇವೂ ಸಹಾಯವೇ.

ಸಂಘಗಳೂ ಇದರಲ್ಲಿ ಪಾಲು ಹೊರಬಹುದು. ಸದಸ್ಯನು ಕಾರ್ಯದರ್ಶಿಗೆ ಮೊದಲೇ ತಿಳಿಸಿದರೆ ಬೆಳೆಸಾಲದ ಕಂತಿನ ವಿಷಯ ಆಡಳಿತ ಮಂಡಳಿಯ ಮುಂದೆ ಬರಬಹುದು. ವಾಯಿದೆ ಮೀರಿ ನೋಟೀಸು ಹೋದ ಮೇಲೆ ತಿಳಿಸಿದರೆ ಕಾರ್ಯದರ್ಶಿಯ ಕೈಯೂ ಕಟ್ಟಿರುತ್ತದೆ. ಸಹಕಾರಿಗಳ ಯಶಸ್ವಿನಿ ಯೋಜನೆ 2003ರಲ್ಲಿ ಆರಂಭವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋಗಿ, 2022-23ರಲ್ಲಿ ಮತ್ತೆ ಜಾರಿಗೆ ಬಂದಿದೆ. ಅದರಲ್ಲಾಗಲಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಾಗಲಿ ತಮಗೆ ಏನು ದೊರೆಯುತ್ತದೆಂಬುದನ್ನು ನೋಂದಣಿಯ ದಿನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಕೇಳಿ ಪುಸ್ತಕದಲ್ಲಿ ಬರೆದಿಡಬೇಕು.

ಆಚೆಯ ಮನೆ

ಕಾಯುವ ಮನೆಯವರು ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಸುದ್ದಿ ಹೇಳಬೇಕು. ತಮಗೆ ಶುಭದ ಕರೆ ಬರುವ ರಾತ್ರಿ ಬೇರೊಂದು ಮನೆಯಲ್ಲಿ ಸಾವು ಸಂಭವಿಸಿರುತ್ತದೆ. ಅಲ್ಲಿ ನಾಲ್ವರು ವೈದ್ಯರ ತಂಡ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ, ಮಿದುಳಿನ ಕಾಂಡ ಸತ್ತಿದೆಯೆಂದು ಹೇಳಿರುತ್ತದೆ. ಎದೆ ಇನ್ನೂ ಬಡಿಯುತ್ತಿರುವಾಗಲೇ ಆ ಮನೆಯವರು ಕಣ್ಣೀರಿನಲ್ಲಿ ಸಹಿ ಹಾಕಿರುತ್ತಾರೆ. ದಾನಿ ಯಾರೆಂಬುದನ್ನು ಪಡೆದವರಿಗೆ ತಿಳಿಸುವುದಿಲ್ಲ. ಪತ್ರಿಕೆಯ ಅಪಘಾತದ ಸುದ್ದಿ ನೋಡಿ “ಇವರದೇ ಇರಬೇಕು” ಎಂದು ಊಹಿಸಿ ಬಂಧುಗಳ ಗುಂಪಿನಲ್ಲಿ ಬರೆಯಬಾರದು.

ಕಡೂರು ತಾಲೂಕಿನ ಪಂಚನಹಳ್ಳಿಯವರಾದ, ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಅಪಘಾತಕ್ಕೊಳಗಾಗಿ ಮಿದುಳು ನಿಷ್ಕ್ರಿಯವಾದಾಗ, ಅವರ ಮನೆಯವರು ಅಂಗದಾನಕ್ಕೆ ಒಪ್ಪಿದರು. ನಮ್ಮ ಅಡಿಕೆ, ತೆಂಗಿನ ಸೀಮೆಯ ಹುಡುಗನ ಅಂಗಗಳು ಯಾವ ಊರಿನ ಯಾರೊಳಗೆ ಕೆಲಸ ಮಾಡಿದವೋ ನಮಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಡಾ. ರಾಜಕುಮಾರರು 2006ರಲ್ಲಿ, ಪುನೀತ್ ರಾಜಕುಮಾರ್ 2021ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳ ದಾನವಾಯಿತು. ಅದನ್ನು ಕೇಳಿ ನೇತ್ರದಾನಕ್ಕೆ ಹೆಸರು ಬರೆಸಿದವರು ಹಳ್ಳಿಹಳ್ಳಿಗಳಲ್ಲಿದ್ದಾರೆ.

ಹೆಸರು ಬರೆಸಿ ಕಾರ್ಡು ಪಡೆದರಷ್ಟೇ ಸಾಲದು. ಸಮಯ ಬಂದಾಗ ಮನೆಯವರ ಒಪ್ಪಿಗೆಯಿಲ್ಲದೆ ವೈದ್ಯರು ಮುಂದುವರಿಯುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಕಾರ್ಡಿದ್ದು ಹೆಂಡತಿ ಮಕ್ಕಳಿಗೆ ವಿಷಯವೇ ತಿಳಿಯದಿದ್ದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ದಾನ ಮಾಡುವ ಮನಸ್ಸಿದ್ದವರು ಒಂದು ಸಂಜೆ ಊಟಕ್ಕೆ ಕೂತಾಗ ಮನೆಯವರಿಗೆ ಬಾಯಿಬಿಟ್ಟು ಹೇಳಬೇಕು.

ಕಣಗಿನಹಾಳದಲ್ಲಿ ಆ ಸಂಘ ಕಟ್ಟಿದ ರೈತರು ಒಬ್ಬರ ಅಡಚಣೆ ಇನ್ನೊಬ್ಬರಿಗೆ ತಿಳಿಯಲಿ, ತಿಳಿದರೆ ದಾರಿ ಹುಟ್ಟುತ್ತದೆ ಎಂದು ನಂಬಿದವರು. ನಮ್ಮ ಸದಸ್ಯರಲ್ಲಿ, ಅವರ ತೋಟಗಳಲ್ಲಿ ದುಡಿಯುವವರಲ್ಲಿ ಯಾರ ಮನೆಯಲ್ಲಿಯಾದರೂ ಇಂಥ ಕಾಯುವಿಕೆ ನಡೆದಿದ್ದರೆ, ಈ ಪುಟವನ್ನು ಹರಿದು ಸುದ್ದಿ ಹೇಳುವವರ ಕೈಗೆ ಕೊಡಿರಿ. ಮೊದಲ ಸಮಾಚಾರವನ್ನು ಇಂದು ರಾತ್ರಿಯೇ ಬರೆಯಲಿ. ಅದಕ್ಕೂ ಮುನ್ನ, ಆಸ್ಪತ್ರೆಯಲ್ಲಿ ಕೊಟ್ಟಿರುವ ಫೋನ್ ನಂಬರು ಈಗಲೂ ಸರಿಯಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.